ಮೊದಲು ಕೂಳೆ ನೋಡಿ, ಆಮೇಲೆ ಕಟರ್ ಬಾರ್ ಬಿಚ್ಚಿ

ಹೆಸರಘಟ್ಟದ ಆಚೆ ಒಂದೂವರೆ ಎಕರೆ ರಾಗಿ ಹೊಲ. ನಮ್ಮ ಕಂಬೈನ್ (ಕೊಯ್ದು ಒಕ್ಕುವ ಯಂತ್ರ) ಕೊಯ್ದು ಮುಗಿಸಿ ಬದುವಿನ ಪಕ್ಕ ನಿಂತಿತ್ತು. ಟ್ಯಾಂಕಿಗೆ ರಾಗಿ ಚೆನ್ನಾಗಿಯೇ ಬಿದ್ದಿತ್ತು, ಇನ್ನು ಬಾಡಿಗೆ ಈಸಿಕೊಂಡು ಹೊರಡುವುದೊಂದೇ ಬಾಕಿ ಅಂದುಕೊಂಡಿದ್ದೆ. ಹೊಲದ ಯಜಮಾನಿ, ಎಪ್ಪತ್ತರ ಆಸುಪಾಸಿನ ಅಜ್ಜಿ, ಕೊಯ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಬುಡ ಕಿತ್ತರು. ಮಣ್ಣು ಕೊಡವಿ ತಂದು ನನ್ನ ಅಂಗೈಗೆ ಹಾಕಿದರು. "ಕುಯ್ದಂಗಿಲ್ಲ ಕಣಪ್ಪ, ಎಮ್ಮೆ ಮೇಯ್ದಂಗೈತೆ" ಅಂದರು.

ನೋಡಿದೆ. ಒಂದು ಬುಡದಲ್ಲಿ ಆರು ದಂಟು. ಎರಡು ನೀಟಾಗಿ ತುಂಡಾಗಿದ್ದವು. ಮೂರು ನಾರುನಾರಾಗಿ ಸೀಳಿ, ತುದಿ ಜಜ್ಜಿಹೋಗಿತ್ತು. ಆರನೆಯದು ಕತ್ತರಿಸಿರಲೇ ಇಲ್ಲ. ಬಾಗಿ, ಗಾಡಿಯ ಮುಂದೆ ಪೈರು ಕತ್ತರಿಸುವ ಕಟರ್ ಬಾರ್ ಅಡಿ ನುಸುಳಿ, ಗಾಡಿ ದಾಟಿದ ಮೇಲೆ ತೆನೆ ಸಮೇತ ಮತ್ತೆ ಎದ್ದಿತ್ತು. ಒಂದೂವರೆ ಎಕರೆಯಲ್ಲೂ ಹೀಗೇ ಇದ್ದರೆ ಎಷ್ಟು ತೆನೆ, ಎಷ್ಟು ಹುಲ್ಲು ಹೊಲದಲ್ಲೇ ಉಳಿಯಿತು ಅಂತ ಲೆಕ್ಕ ಹಾಕಿ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಂಗಳೂರಿನ ಸುತ್ತ ರಾಗಿ ಬೆಳೆಯುವವರ ಮನೆಯಲ್ಲಿ ಎರಡಾದರೂ ಹಸು ಇರುತ್ತವೆ. ಡೇರಿಗೆ ಹಾಕುವ ಹಾಲು ಬೇಸಿಗೆಯಲ್ಲಿ ಆ ಹುಲ್ಲಿನ ಮೆದೆಯಿಂದಲೇ ಬರಬೇಕು. ಕಾಳು ಬಂತಲ್ಲ ಅಂತ ಹೇಳಿ ಹೊರಟುಬಿಡುವ ಹಾಗಿಲ್ಲ.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಹನ್ನೊಂದು ವರ್ಷ ಗ್ರೈಂಡಿಂಗ್ ಮಷಿನ್ ಮೇಲೆ ಕೆಲಸ ಮಾಡಿದವನು. ಆಮೇಲೆ ಭಾಮೈದನ ಜೊತೆ ಸೇರಿ ಸೆಕೆಂಡ್ ಹ್ಯಾಂಡ್ ಕಂಬೈನ್ ತೆಗೆದುಕೊಂಡೆ. ಈಗ ರಾಜಾನುಕುಂಟೆ ಹತ್ತಿರ ನಮ್ಮದೊಂದು ಶೆಡ್ಡಿದೆ. ಬಾರ್ 12 ಅಡಿ ಅಗಲ, 3 ಅಂಗುಲಕ್ಕೊಂದರಂತೆ 48 ಬ್ಲೇಡು. ಆ ಅಜ್ಜಿ ಬುಡ ಕೈಗಿಟ್ಟ ಮಾರನೇ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ, 48 ಬ್ಲೇಡನ್ನೂ ಹೊಸದು ಹಾಕಿಸಿದೆ. ಕೂಳೆ ಒಂದಿಷ್ಟೂ ಬದಲಾಗಲಿಲ್ಲ. ಬ್ಲೇಡು ಎಷ್ಟೇ ಹರಿತವಿರಲಿ, ಅದು ಕೂರುವ ಜಾಗ, ಅದರ ಅಡಿಯ ಪ್ಲೇಟು, ಮೇಲಿನ ಕ್ಲಿಪ್ಪು, ಅದು ಹೋಗಿ ನಿಲ್ಲುವ ಕೊನೆ ಸರಿಯಿಲ್ಲದಿದ್ದರೆ ದುಡ್ಡು ದಂಡ. ಆ ನಾಲ್ಕನ್ನು ಸರಿಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕೂಳೆ ಏನು ಹೇಳುತ್ತದೆ

ಸ್ಪ್ಯಾನರ್ ಹಿಡಿಯುವ ಮುಂಚೆ ಕೊಯ್ದ ಹೊಲದಲ್ಲಿ ಹಿಂದಕ್ಕೆ ಹತ್ತು ಹೆಜ್ಜೆ ನಡೆಯಿರಿ. ಉದ್ದಕ್ಕೂ ಒಂದೇ ಗೆರೆಯಲ್ಲಿ ಬಾಚಣಿಗೆ ಹಲ್ಲಿನಂತೆ ದಂಟು ಉಳಿದಿದ್ದರೆ ಆ ಜಾಗದಲ್ಲಿ ಒಂದು ಬ್ಲೇಡು ಮುರಿದಿದೆ, ಇಲ್ಲವೇ ಒಂದು ಫಿಂಗರ್ (ಬಾರ್‌ನಿಂದ ಮುಂದಕ್ಕೆ ಚಾಚಿ ದಂಟು ಹಿಡಿಯುವ ಕಬ್ಬಿಣದ ಬೆರಳು) ಬಾಗಿದೆ. ಬಾರ್ ಪೂರ್ತಿ ಅಗಲಕ್ಕೂ ದಂಟು ಸೀಳಿದ್ದರೆ ಬ್ಲೇಡಿಗೂ ಪ್ಲೇಟಿಗೂ ನಡುವೆ ಸಂದು ಬಿದ್ದಿದೆ, ಅಥವಾ ಬ್ಲೇಡು ನಿಲ್ಲಬೇಕಾದ ಕಡೆ ನಿಲ್ಲುತ್ತಿಲ್ಲ. ಬೇರು ಸಮೇತ ಬುಡ ಕಿತ್ತುಬಂದಿದ್ದರೆ ಅಂಚು ಮೊಂಡಾಗಿದೆ. ಕೂಳೆ ಏರಿಳಿತವಾಗಿ ಅಲೆ ಅಲೆಯಂತೆ ಕಂಡರೆ ಬಾರ್ ಮುಟ್ಟಬೇಡಿ, ಡ್ರೈವರ್ ಜೊತೆ ಮಾತಾಡಿ. ಗಾಡಿ ಜೋರಾಗಿ ಓಡುತ್ತಿದೆ.

ಕೊನೆಯದಕ್ಕೆ ಲೆಕ್ಕ ಸುಲಭ. ನೈಫ್ ಅಂದರೆ ಬ್ಲೇಡುಗಳನ್ನೆಲ್ಲ ಕೂರಿಸಿದ ಉದ್ದನೆಯ ಪಟ್ಟಿ. ನಮ್ಮ ಗಾಡಿಯಲ್ಲಿ ಅದನ್ನು ಓಡಿಸುವ ಪುಲ್ಲಿ ನಿಮಿಷಕ್ಕೆ 500 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಬ್ಲೇಡು ಒಮ್ಮೆ ಹೋಗಿ ಒಮ್ಮೆ ಬರುತ್ತದೆ, ಅಂದರೆ ನಿಮಿಷಕ್ಕೆ 1000 ಕಡಿತ. ಗಾಡಿ ಗಂಟೆಗೆ 3 ಕಿ.ಮೀ. ಹೋದರೆ ಒಂದೊಂದು ಕಡಿತಕ್ಕೆ 5 ಸೆಂ.ಮೀ. ಮುಂದೆ ಸಾಗುತ್ತದೆ. 5 ಕಿ.ಮೀ. ಹೋದರೆ 8 ಸೆಂ.ಮೀ.ಗೂ ಹೆಚ್ಚು. ಬ್ಲೇಡಿನ ಹರಿತವಾದ ಅಂಚೇ ಅಷ್ಟುದ್ದ ಇರುವುದಿಲ್ಲ. ಅದಕ್ಕೆ ಸಿಗದ ದಂಟನ್ನು ಫಿಂಗರು ಮುಂದಕ್ಕೆ ದೂಡಿ, ಮುಂದಿನ ಕಡಿತದಲ್ಲಿ ಕಟ್ಟುಕಟ್ಟಾಗಿ ಒಟ್ಟಿಗೆ ಕೊಯ್ಯುತ್ತದೆ. ಗಂಟೆ ಲೆಕ್ಕದ ಬಾಡಿಗೆಯಲ್ಲಿ ರೈತರೇ "ಬೇಗ ಬೇಗ" ಅನ್ನುತ್ತಾರೆ. ಆಗ ನಾನು ಅವರನ್ನು ಕರೆದುಕೊಂಡು ಹೋಗಿ ಎರಡು ವೇಗದ ಕೂಳೆ ಅಕ್ಕಪಕ್ಕ ತೋರಿಸುತ್ತೇನೆ. ಇಲ್ಲಿಯವರೆಗೆ ಯಾರೂ ಎರಡನೇ ಸಲ ಅವಸರ ಮಾಡಿಲ್ಲ.

ಬಿಚ್ಚುವ ಮುನ್ನ

ಇಂಜಿನ್ ಆಫ್ ಮಾಡಿ ಕೀಲಿ ನಿಮ್ಮ ಜೇಬಿನಲ್ಲಿರಲಿ, ಗಾಡಿಯಲ್ಲಿ ಬೇಡ. ಹೆಡರ್ (ಬಾರ್ ಇರುವ ಗಾಡಿಯ ಮುಂಭಾಗ) ಎತ್ತಿ ಹೈಡ್ರಾಲಿಕ್ ಸಿಲಿಂಡರಿಗೆ ಲಾಕ್ ಹಾಕಿ. ಕೇವಲ ಎಣ್ಣೆಯ ಒತ್ತಡವನ್ನು ನಂಬಿ ಅದರ ಕೆಳಗೆ ತಲೆ ಹಾಕಬಾರದು. ಲಾಕ್ ಇಲ್ಲದ ಹಳೇ ಗಾಡಿಯಾದರೆ ದಪ್ಪ ಮರದ ದಿಮ್ಮಿ ಕೊಡಿ. ನೈಫ್ ಅಲುಗಿಸಬೇಕಾದಾಗ ಪುಲ್ಲಿ ಹಿಡಿದು ತಿರುಗಿಸಿ, ಬ್ಲೇಡು ಹಿಡಿದು ತಳ್ಳಬೇಡಿ. ಒಬ್ಬರು ಪುಲ್ಲಿ ತಿರುಗಿಸುವಾಗ ಇನ್ನೊಬ್ಬರ ಬೆರಳು ಬಾರ್ ಮೇಲೆ ಇರಲೇಬಾರದು. ಚರ್ಮದ ಗ್ಲೌಸು ಹಾಕಿಕೊಳ್ಳಿ, ಬಟ್ಟೆಯದು ಬ್ಲೇಡಿಗೆ ಲೆಕ್ಕವೇ ಅಲ್ಲ.

ಆಮೇಲೆ ಬಾರ್ ಕ್ಲೀನ್ ಮಾಡಿ. ನಮ್ಮ ಕೆಂಪು ಮಣ್ಣು ರಾಗಿ ದಂಟಿನ ರಸದ ಜೊತೆ ಸೇರಿ ಕ್ಲಿಪ್ಪಿನ ಅಡಿ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಹೆರೆದು ತೆಗೆಯದೆ ಅಳತೆ ನೋಡಿದರೆ ಎಲ್ಲಾ ತಪ್ಪು ಲೆಕ್ಕ.

ಫಿಂಗರ್ ಸಾಲು

ಬಾರ್ ಅಂದರೆ ಒಂದಕ್ಕೊಂದು ಅಂಟಿಕೊಂಡ 48 ಕತ್ತರಿಗಳು. ಕತ್ತರಿಗೆ ಎರಡು ಅಲಗು. ಒಂದು ಆಡುವ ಬ್ಲೇಡು. ಇನ್ನೊಂದು ಫಿಂಗರಿನ ಮೇಲೆ ಅಲುಗದೆ ಕೂತ ಲೆಡ್ಜರ್ ಪ್ಲೇಟು. 1831ರಲ್ಲಿ ಅಮೆರಿಕದ ಸೈರಸ್ ಮೆಕಾರ್ಮಿಕ್ ಕುದುರೆ ಎಳೆಯುವ ಕೊಯ್ಲು ಯಂತ್ರ ಓಡಿಸಿ ತೋರಿಸಿದಾಗಲೂ ಅತ್ತಿತ್ತ ಆಡುವ ಅಲಗು, ಪೈರು ಹಿಡಿಯುವ ಬೆರಳು ಎರಡೂ ಇದ್ದವು. ನಮ್ಮ ಜನ ಮೇಲಿನ ಅಲಗನ್ನು ವರ್ಷ ವರ್ಷ ಬದಲಿಸುತ್ತಾರೆ, ಕೆಳಗಿನ ಅಲಗನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಹೆಬ್ಬೆರಳಿನ ಉಗುರನ್ನು ಲೆಡ್ಜರ್ ಪ್ಲೇಟಿನ ಅಂಚಿನ ಮೇಲೆ ಅಡ್ಡಕ್ಕೆ ಎಳೆಯಿರಿ. ಉಗುರು ತುಸು ಕೆರೆದರೆ ಅಂಚು ಬದುಕಿದೆ. ಹುಣಸೆ ಬೀಜದ ಮೇಲೆ ಜಾರಿದಂತೆ ಜಾರಿದರೆ ಅದು ಮೊಂಡು. ಅಂಥ ಪ್ಲೇಟು, ಅಥವಾ ಪ್ಲೇಟು ಸಮೇತ ಫಿಂಗರ್, ಬದಲಿಸಬೇಕು.

ಮುಂದೆ ಸಾಲು. ಈ ಕೊನೆಯ ಫಿಂಗರಿನಿಂದ ಆ ಕೊನೆಯ ಫಿಂಗರಿಗೆ ಮೇಸ್ತ್ರಿಗಳು ಗೋಡೆ ಕಟ್ಟುವಾಗ ಹಿಡಿಯುವ ದಾರವನ್ನು ಬಿಗಿಯಾಗಿ ಕಟ್ಟಿ. ದಾರ ಲೆಡ್ಜರ್ ಪ್ಲೇಟುಗಳ ಮೇಲ್ಮೈ ಸವರಿಕೊಂಡು ಹೋಗಬೇಕು. ಫಿಂಗರಿನ ಮೂತಿ ನೋಡಿ ಸಾಲು ಹಿಡಿಯುವವರಿದ್ದಾರೆ, ಅದು ತಪ್ಪು. ಮೂತಿ ಕಲ್ಲಿಗೆ ಬಡಿದು ಅಂಕುಡೊಂಕಾಗಿರಬಹುದು, ಬ್ಲೇಡು ಕೂರುವುದು ಪ್ಲೇಟಿನ ಮೇಲೆ. ದಾರಕ್ಕಿಂತ ಕೆಳಗಿಳಿದ ಫಿಂಗರ್ ಇದ್ದರೆ ಅಲ್ಲಿ ಬ್ಲೇಡು ಗಾಳಿಯಲ್ಲಿ ಆಡುತ್ತಿದೆ. ಮೇಲೆದ್ದ ಫಿಂಗರ್ ಇದ್ದರೆ ಅದು ಅಕ್ಕಪಕ್ಕದ ನಾಲ್ಕು ಫಿಂಗರಿನಿಂದಲೂ ಬ್ಲೇಡನ್ನು ಎತ್ತಿಬಿಡುತ್ತದೆ. ಹಾಗಾಗಿ ಮೇಲೆದ್ದದ್ದನ್ನೇ ಮೊದಲು ಸರಿಮಾಡಿ. ಫೋರ್ಜ್ ಮಾಡಿದ ಫಿಂಗರಾದರೆ ಎರಡೂವರೆ ಅಡಿ ಕಬ್ಬಿಣದ ಪೈಪು ತೂರಿಸಿ ನಿಧಾನಕ್ಕೆ ಒತ್ತಿದರೆ ಬಗ್ಗುತ್ತದೆ. ಎರಕದ್ದಾದರೆ ಆ ಸಾಹಸ ಬೇಡ, ಪಟಕ್ಕನೆ ಮುರಿಯುತ್ತದೆ. ಫಿಂಗರ್ ಬೋಲ್ಟುಗಳನ್ನು ಮೊದಲು ಬಿಗಿಮಾಡಿ, ಆಮೇಲೆ ದಾರ ಹಿಡಿಯಿರಿ. ನಾನು ಒಮ್ಮೆ ಇದನ್ನು ಹಿಂದುಮುಂದು ಮಾಡಿ ಒಂದಿಡೀ ಮಧ್ಯಾಹ್ನ ಕಳೆದೆ.

ಕ್ಲಿಪ್ಪು

ಬ್ಲೇಡಿನ ಮುಂಭಾಗ ಪ್ಲೇಟಿನ ಮೇಲೆ ಒರಗಿಕೊಂಡೇ ಓಡಬೇಕು. ಅದನ್ನು ಮೇಲೇಳದಂತೆ ಹಿಡಿಯುವುದು ಕ್ಲಿಪ್ಪು. ಬ್ಲೇಡಿಗೂ ಕ್ಲಿಪ್ಪಿಗೂ ನಡುವೆ ಅರ್ಧ ಎಂ.ಎಂ. ಸಂದಿದ್ದರೆ ಸಾಕು. ನಿಮ್ಮ ಗಾಡಿಯ ಮ್ಯಾನುಯಲ್ಲಿನಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ನಾನು ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಬಳಸುತ್ತೇನೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ, ಇಟ್ಟುಕೊಳ್ಳಿ.

ಸಂದು ಜಾಸ್ತಿಯಿದ್ದರೆ ನೈಫ್ ಪೂರ್ತಿ ಹೊರಗೆಳೆದು, ಕ್ಲಿಪ್ಪಿನ ಮೂತಿಗೆ ಸುತ್ತಿಗೆಯಿಂದ ಹಗುರವಾಗಿ ಒಂದೇಟು ಕೊಟ್ಟು, ನೈಫ್ ಒಳಗೆ ತೂರಿಸಿ ಮತ್ತೆ ಅಳೆಯಿರಿ. ನೈಫ್ ಒಳಗಿರುವಾಗಲೇ ಬಡಿದರೆ ಕ್ಲಿಪ್ಪು ಬ್ಲೇಡಿಗೆ ಕಚ್ಚಿಕೊಳ್ಳುತ್ತದೆ. ತೂರಿಸು, ಅಳೆ, ಎಳೆ, ಬಡಿ. ಬೇಸರದ ಕೆಲಸ ನಿಜ, ಆದರೆ ನನ್ನ ಅನುಭವದಲ್ಲಿ ಸೀಳಿದ ಕೂಳೆಗೆ ಹೆಚ್ಚು ಸಲ ಕಾರಣವಾದದ್ದು ಈ ಸಂದೇ. ಶಿಮ್ (ಸಂದು ಹೊಂದಿಸುವ ತೆಳು ಲೋಹದ ಬಿಲ್ಲೆ) ಹಾಕುವ ಮಾದರಿಯಾದರೆ ಒಂದು ಶಿಮ್ ತೆಗೆದರೆ ಮುಗಿಯಿತು, ಬಡಿಯುವ ಕೆಲಸವಿಲ್ಲ.

ಎಲ್ಲಾ ಮುಗಿದ ಮೇಲೆ ನೈಫ್ ಓಡಿಸುವ ಕನೆಕ್ಟಿಂಗ್ ರಾಡ್ ಬಿಚ್ಚಿಟ್ಟು, ರಾಡ್ ಸೇರುವ ನೈಫ್ ತಲೆ (ಹೆಡ್) ಹಿಡಿದು ಎಳೆದು ನೋಡಿ. ಒಬ್ಬ ಮನುಷ್ಯನ ಕೈಗೆ ಅದು ಸರಾಗವಾಗಿ ಬರಬೇಕು. ಎಲ್ಲೋ ಒಂದು ಕಡೆ ಹಿಡಿದರೆ ಆ ಕ್ಲಿಪ್ಪು ಬಿಗಿಯಾಗಿದೆ.

ಬ್ಲೇಡು ನಿಲ್ಲುವ ಜಾಗ

ನನ್ನ ಕಾಯಿಲೆ ಇದ್ದದ್ದು ಇಲ್ಲಿ. ಗಾಡಿ ಕೊಳ್ಳುವ ಮುಂಚೆ ಯಾವುದೋ ವರ್ಕ್‌ಶಾಪಿನಲ್ಲಿ ನೈಫ್ ಓಡಿಸುವ ರಾಡಿನ ಬೇರಿಂಗ್ ಬದಲಿಸಿದ್ದರು. ರಾಡಿನ ಉದ್ದ ಮತ್ತೆ ಹೊಂದಿಸಿರಲಿಲ್ಲ. ನೋಡಲು ಎಲ್ಲಾ ಸರಿಯಾಗಿಯೇ ಓಡುತ್ತಿತ್ತು.

ಪುಲ್ಲಿಯನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ನೈಫ್ ಒಂದು ಕೊನೆಗೆ ಹೋಗಿ, ವಾಪಸ್ ಹೊರಡುವ ಮುನ್ನ ಒಂದು ಕ್ಷಣ ನಿಲ್ಲುತ್ತದೆ. ಅಲ್ಲೇ ಬಿಟ್ಟು ನೇರ ಮೇಲಿನಿಂದ ನೋಡಿ. ಬ್ಲೇಡಿನ ಮೂತಿ ಫಿಂಗರಿನ ನಟ್ಟನಡುವೆ ಇರಬೇಕು. ಇನ್ನೊಂದು ಕೊನೆಗೆ ತಿರುಗಿಸಿ, ಪಕ್ಕದ ಫಿಂಗರಿನ ನಡುವೆ ಬರಬೇಕು. ನಮ್ಮ ಬಾರ್ ಮಾದರಿಯಲ್ಲಿ ಬ್ಲೇಡಿನ ಅಗಲ, ಫಿಂಗರಿನ ಅಂತರ, ನೈಫ್ ಓಡುವ ದೂರ ಮೂರೂ 76.2 ಎಂ.ಎಂ., ಅಂದರೆ ಸರಿಯಾಗಿ 3 ಅಂಗುಲ. ನನ್ನದರಲ್ಲಿ ಎರಡೂ ಕೊನೆಯಲ್ಲಿ ಎಡಕ್ಕೆ 6 ಎಂ.ಎಂ. ಜರುಗಿತ್ತು. ಹಾಗಾದಾಗ ಬ್ಲೇಡು ಎಡಗಡೆ ದಂಟನ್ನು ಕೊಯ್ದು ಇನ್ನೂ ಆಚೆ ಹೋಗುತ್ತದೆ, ಬಲಗಡೆಯದನ್ನು ಪೂರ್ತಿ ಕೊಯ್ಯದೆ ವಾಪಸ್ ಬರುತ್ತದೆ. ಅಜ್ಜಿ ಕೊಟ್ಟ ಬುಡದಲ್ಲಿ ಎರಡು ದಂಟು ನೀಟಾಗಿ, ಮೂರು ಸೀಳಿ ಯಾಕಿತ್ತು ಅಂತ ಆಗ ಅರ್ಥವಾಯಿತು.

ಎರಡೂ ಕೊನೆಯಲ್ಲಿ ಒಂದೇ ಕಡೆಗೆ ಜರುಗಿದ್ದರೆ ರಾಡಿನ ಉದ್ದ ಸರಿಮಾಡಿ, ರಾಡಿನ ಬದಲು ವಾಬಲ್ ಬಾಕ್ಸ್ (ಸುತ್ತುವುದನ್ನು ಅತ್ತಿತ್ತ ಓಡಾಟವಾಗಿಸುವ ಪೆಟ್ಟಿಗೆ) ಇದ್ದರೆ ಬಾಕ್ಸನ್ನೇ ಸರಿಸಬೇಕು. ಎರಡೂ ಕೊನೆಯಲ್ಲಿ ಬ್ಲೇಡು ನಡುವನ್ನು ಮುಟ್ಟದೆ ಮುಂಚೆಯೇ ನಿಂತರೆ ಉದ್ದ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ನೈಫ್ ಹೆಡ್ಡಿನಲ್ಲೋ ಬೇರಿಂಗಿನಲ್ಲೋ ಆಟ ಬಂದಿದೆ, ಅದನ್ನು ಬದಲಿಸಿ. ಬೇರಿಂಗ್ ಬದಲಿಸಿದಾಗಲೆಲ್ಲ ಈ ಎರಡು ಕೊನೆ ನೋಡದೆ ಗಾಡಿ ಹೊರಗೆ ಬಿಡಬೇಡಿ.

ಬ್ಲೇಡು ಬದಲಿಸುವುದು, ಸಾಣೆ ಹಿಡಿಯುವುದು

ರಿವೆಟ್ ಹೊಡೆದ ಬ್ಲೇಡು ಬಿಚ್ಚಲು ಡ್ರಿಲ್ ಬೇಡ. ಬ್ಲೇಡಿನ ಮೂತಿ ವೈಸಿನ ದವಡೆಯ ನಡುವೆ ಕೆಳಕ್ಕೆ ಇಳಿಬೀಳಲಿ, ನೈಫ್ ಪಟ್ಟಿ ದವಡೆಯ ಮೇಲೆ ಭದ್ರವಾಗಿ ಕೂರಲಿ. ಈಗ ಬ್ಲೇಡಿನ ಹಿಂಬದಿಯ ಅಂಚು ಮೇಲಿರುತ್ತದೆ. ಅದಕ್ಕೆ ಸುತ್ತಿಗೆಯಿಂದ ನೇರ ಒಂದು ಗಟ್ಟಿ ಏಟು. ರಿವೆಟ್‌ಗಳು ಕತ್ತರಿಸಿ ಬ್ಲೇಡು ಕೆಳಕ್ಕೆ ಬೀಳುತ್ತದೆ. ಪಟ್ಟಿಯಲ್ಲಿ ಉಳಿದ ತುಂಡನ್ನು ಪಂಚ್‌ನಿಂದ ಹೊರಗೆ ಹಾಕಿ. ಹೊಸ ರಿವೆಟ್ ಹೊಡೆಯುವಾಗ ತಲೆ ಅಡಿಗಲ್ಲಿನ ಮೇಲೆ ಗಟ್ಟಿಯಾಗಿ ಕೂತಿರಲಿ, ಇಲ್ಲದಿದ್ದರೆ ಎರಡು ದಿನದಲ್ಲಿ ಬ್ಲೇಡು ಕಟಕಟ ಅನ್ನತೊಡಗುತ್ತದೆ. ಬೋಲ್ಟ್ ಮಾದರಿಯಾದರೆ ಹಳೇ ಲಾಕ್ ನಟ್ ಮತ್ತೆ ಹಾಕಬೇಡಿ. ಒಂದು ಸಡಿಲ ನಟ್ಟು ಫಿಂಗರಿಗೆ ಸಿಕ್ಕರೆ ನೈಫ್ ಪಟ್ಟಿಯೇ ಮುರಿಯುತ್ತದೆ.

ಗರಗಸದ ಹಲ್ಲಿರುವ ಬ್ಲೇಡಿಗೆ ಸಾಣೆ ಹಿಡಿಯಬಾರದು, ಹಲ್ಲು ಸವೆದರೆ ಬದಲಿಸುವುದೇ. ಒಣಗಿದ ರಾಗಿ, ಭತ್ತಕ್ಕೆ ಇದೇ ಒಳ್ಳೆಯದು, ಜಾರುವ ದಂಟನ್ನು ಹಲ್ಲು ಹಿಡಿದು ನಿಲ್ಲಿಸುತ್ತದೆ. ನುಣುಪು ಅಂಚಿನ ಬ್ಲೇಡು ಹಸಿ ಮೇವಿಗೆ ಚೆನ್ನ, ಅದಕ್ಕೆ ಮಾತ್ರ ಸಾಣೆ.

ಸಾಣೆಯ ವಿಷಯಕ್ಕೆ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಎಷ್ಟೋ ಜನ ಆಂಗಲ್ ಗ್ರೈಂಡರ್ ಹಿಡಿದು ಕಿಡಿ ಹಾರಿಸಿ, ಅಂಚು ಪಳಪಳ ಹೊಳೆಯುವುದು ನೋಡಿ ಖುಷಿಪಡುತ್ತಾರೆ. ಆ ಹೊಳಪಿನ ಪಕ್ಕದಲ್ಲೇ ಒಂದು ಬಣ್ಣ ಬಂದಿರುತ್ತದೆ, ಅದನ್ನು ನೋಡುವುದಿಲ್ಲ. ಉಕ್ಕು ಕಾದಂತೆ ಸುಮಾರು 220 ಡಿಗ್ರಿಗೆ ತಿಳಿ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300 ಡಿಗ್ರಿ ಹೊತ್ತಿಗೆ ನವಿಲುಗರಿಯ ನೀಲಿ. ನೀಲಿ ಕಂಡಿತೆಂದರೆ ಅಂಚಿನ ಹದ ಹೋಯಿತು. ಆ ಬ್ಲೇಡು ನೋಡಲು ಹರಿತ, ಹೊಲದಲ್ಲಿ ಅರ್ಧ ದಿನಕ್ಕೆ ಮಡಚಿಕೊಳ್ಳುತ್ತದೆ. ಒಂದೇ ಕಡೆ ನಿಲ್ಲಿಸದೆ ಅಂಚಿನುದ್ದಕ್ಕೂ ಹಗುರವಾಗಿ ಎಳೆಯಿರಿ, ಎರಡೆಳೆತಕ್ಕೊಮ್ಮೆ ನೀರಿಗೆ ಅದ್ದಿ. ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಕಂಪನಿ ಕೊಟ್ಟ ಇಳಿಜಾರು ಎಷ್ಟಿದೆಯೋ ಅಷ್ಟೇ ಇರಲಿ, ಅಡಿಭಾಗವನ್ನು ಮುಟ್ಟಲೇಬೇಡಿ. ಅದು ಪ್ಲೇಟಿನ ಮೇಲೆ ಮಟ್ಟಸವಾಗಿ ಕೂರಬೇಕಾದ ಮುಖ.

ನಮ್ಮ ಹೊಲಗಳಿಗೆ ತಕ್ಕಂತೆ

ಬಯಲುಸೀಮೆಯ ಈ ಕೆಂಪು ಹೊಲಗಳಲ್ಲಿ ಬಾರ್ ಕೊಲ್ಲುವುದು ಬೆಣಚುಕಲ್ಲು. ಹುಲ್ಲು ಹೆಚ್ಚು ಸಿಗಲಿ ಅಂತ ಬಾರ್ ಇಳಿಸಿದಷ್ಟೂ ಕಲ್ಲು ತಗಲುತ್ತದೆ. ನಾನು ಹೊಲಕ್ಕೆ ಗಾಡಿ ಇಳಿಸುವ ಮುನ್ನ ಸಾಲಿನಲ್ಲಿ ಒಮ್ಮೆ ನಡೆಯುತ್ತೇನೆ, ಮುಷ್ಟಿಗಿಂತ ದೊಡ್ಡ ಕಲ್ಲು ಬದುವಿಗೆ ಹೋಗುತ್ತದೆ. ಬಾರ್ ಅಡಿ ನೆಲದ ಮೇಲೆ ಜಾರುವ ಸ್ಕಿಡ್ ಎರಡೂ ಬದಿ ಒಂದೇ ಎತ್ತರಕ್ಕಿವೆಯಾ ಅಂತ ಟೇಪ್ ಹಿಡಿದು ನೋಡಿ. ಒಂದು ಕಡೆ ಇಳಿದಿದ್ದರೆ ಆ ಬದಿಯ ಬ್ಲೇಡು ಮಾತ್ರ ಪದೇ ಪದೇ ಹೋಗುತ್ತಿರುತ್ತದೆ.

ಇನ್ನೊಂದು ಅಕ್ಕಡಿ ಸಾಲು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು ನಮ್ಮ ಕಡೆಯ ಹಳೇ ಪದ್ಧತಿ, ಅದು ನಿಲ್ಲಲಿ ಅಂತ ನಾನು ಹೇಳುವುದಿಲ್ಲ. ಆದರೆ ರಾಗಿ ಹಣ್ಣಾದಾಗ ಅವರೆ ಬಳ್ಳಿ ಹಸಿರಾಗಿಯೇ ಇರುತ್ತದೆ, ಫಿಂಗರುಗಳಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ತೊಗರಿ ಬುಡವಂತೂ ಕಟ್ಟಿಗೆ. ಆ ಸಾಲು ಬಿಟ್ಟು ಎರಡೂ ಪಕ್ಕ ಕೊಯ್ಯಿರಿ, ಬಿಡಲಾಗದಂತಿದ್ದರೆ ಕುಡುಗೋಲಿನಲ್ಲಿ ಮೊದಲೇ ತೆಗೆಸಿ. ಗಾಡಿ ಗೊತ್ತುಮಾಡುವ ಫೋನಿನಲ್ಲೇ "ಅಕ್ಕಡಿ ಉಂಟಾ" ಅಂತ ಕೇಳಿಕೊಳ್ಳುವುದು ನನ್ನ ರೂಢಿ.

ನವೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಜಡಿಮಳೆ, ರಾಗಿ ಮಲಗುತ್ತದೆ. ಮಲಗಿದ ಪೈರಿಗೆ ನಾಲ್ಕೈದು ಫಿಂಗರಿಗೊಂದರಂತೆ ಕ್ರಾಪ್ ಲಿಫ್ಟರ್ (ಪೈರು ಮೇಲೆತ್ತುವ ಸಾಧನ) ಹಾಕಿ. ಪೈರು ಮಲಗಿದ ದಿಕ್ಕಿಗೆ ಎದುರಾಗಿ ಅಥವಾ ಓರೆಯಾಗಿ ಬನ್ನಿ. ಪೈರನ್ನು ಬಾರ್ ಕಡೆಗೆ ಎಳೆದು ಕೊಡುವ ರೀಲನ್ನು ಗಾಡಿಯ ವೇಗಕ್ಕಿಂತ ತುಸು ಜೋರಾಗಿ, ಕಾಲು ಭಾಗದಷ್ಟು ಹೆಚ್ಚಿಗೆ ತಿರುಗಿಸಿದರೆ ಸಾಕು. ಇನ್ನೂ ಜೋರಾದರೆ ತೆನೆ ಉದುರುತ್ತದೆ. ರೀಲಿನ ಹಲ್ಲು ಬಾರ್ ಹತ್ತಿರ ಬಂದಾಗ ಬ್ಲೇಡಿಗೆ ಒಂದು ಅಂಗುಲವಾದರೂ ದೂರವಿರಬೇಕು. ಬೆಳಿಗ್ಗೆ ಇಬ್ಬನಿ ಆರುವ ತನಕ ಗಾಡಿ ಇಳಿಸಬೇಡಿ. ಒದ್ದೆ ದಂಟು ಬ್ಲೇಡಿನ ಸಂದಿಗೆ ಮಡಚಿಕೊಂಡು ಹೋಗುತ್ತದೆ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಧೂಳಿನ ಹೊಲದಲ್ಲಿ ಓಡುವ ಬಾರ್‌ಗೆ ಎಣ್ಣೆ ಸುರಿಯಬೇಡಿ. ಎಣ್ಣೆ, ಕೆಂಪು ಧೂಳು ಸೇರಿದರೆ ಪೀಣ್ಯದಲ್ಲಿ ನಾವು ಲ್ಯಾಪಿಂಗಿಗೆ (ಲೋಹ ಉಜ್ಜಿ ನುಣುಪು ಮಾಡಲು) ಬಳಸುತ್ತಿದ್ದ ಪೇಸ್ಟೇ ತಯಾರಾಗುತ್ತದೆ, ಬ್ಲೇಡು ತನ್ನಷ್ಟಕ್ಕೆ ತಾನೇ ಸವೆಯುತ್ತದೆ. ಗ್ರೀಸ್ ಬೇಕಾದ್ದು ನೈಫ್ ಹೆಡ್ಡಿಗೆ, ರಾಡಿನ ಬೇರಿಂಗಿಗೆ. ಅಲ್ಲೂ ಕೈ ಹಿಡಿತವಿರಲಿ. ಹೆಡ್ಡಿಗೆ ಗ್ರೀಸ್ ಹೆಚ್ಚಾದರೆ ಅದು ನೈಫನ್ನು ಕೆಳಕ್ಕೆ ಅದುಮಿ ಮೊದಲ ಎರಡು ಮೂರು ಫಿಂಗರ್ ಕಾಯುತ್ತವೆ. ಸರ್ವಿಸ್ ಮುಗಿದ ಮೇಲೆ ಐದು ನಿಮಿಷ ಖಾಲಿ ಓಡಿಸಿ, ಇಂಜಿನ್ ಆಫ್ ಮಾಡಿ, ನೈಫ್ ಪೂರ್ತಿ ನಿಂತ ಮೇಲೆ ಫಿಂಗರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲಿ ಬಿಗಿ. ಹೆಡ್ ಹತ್ತಿರವೇ ಬಿಸಿಯಿದ್ದರೆ ಗ್ರೀಸ್ ನಿಪ್ಪಲ್ಲಿನ ಗುಂಡು ಒತ್ತಿ ಒತ್ತಡ ಬಿಡಿ.

ನಾನು ಈ ಪೂರ್ತಿ ಕೆಲಸವನ್ನು ಆಯುಧಪೂಜೆಗೆ ಒಂದು ವಾರ ಮುಂಚೆ ಮುಗಿಸುತ್ತೇನೆ. ಪೂಜೆಗೆ ನಿಲ್ಲುವ ಗಾಡಿ ಹೊಲಕ್ಕೆ ಹೋಗಲು ಸಿದ್ಧವಿರಬೇಕು ಅಂತ ನನಗೆ ಆಸೆ. ಬಿಡಿಭಾಗ ತರಲು ಪೇಟೆಗೆ ಹೋಗಬೇಕಿದ್ದರೆ ಆಗ ಸಮಯವೂ ಇರುತ್ತದೆ. ನವೆಂಬರಿನಲ್ಲಿ ಯಲಹಂಕ ದಾಟಿ ಟೌನ್ ಹಾಲ್ ಕಡೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೊಯ್ಲು ಹೋಗುತ್ತದೆ. ಸೀಸನ್ನಿಗೆ ಒಂದು ಪೂರ್ತಿ ಜೋಡಿಸಿದ ನೈಫ್, ಎರಡು ಫಿಂಗರ್, ಹತ್ತು ಬ್ಲೇಡು, ಒಂದು ಹಿಡಿ ರಿವೆಟ್ ಯಾವಾಗಲೂ ನಮ್ಮ ಜೊತೆಗಿರುತ್ತವೆ. ನೈಫ್ ಇಡಲು 110 ಎಂ.ಎಂ. ಪಿವಿಸಿ ಪೈಪು ಕೊಯ್ದು, ಎರಡೂ ಕಡೆ ಮುಚ್ಚಳ ಹಾಕಿ, ಗಾಡಿಯ ಪಕ್ಕಕ್ಕೆ ಕ್ಲಾಂಪ್ ಮಾಡಿದ್ದೇವೆ. ಬ್ಲೇಡು ಯಾರ ಕಾಲಿಗೂ ತಗಲುವುದಿಲ್ಲ, ಪಟ್ಟಿ ಬಾಗುವುದಿಲ್ಲ. ಹೊಲದಲ್ಲಿ ನೈಫ್ ಮುರಿದರೆ ಅರ್ಧ ಗಂಟೆಯಲ್ಲಿ ಬದಲಿಸಿ ಮತ್ತೆ ಕೊಯ್ಲು, ಮುರಿದದ್ದನ್ನು ರಾತ್ರಿ ಶೆಡ್ಡಿನಲ್ಲಿ ನೋಡಿಕೊಳ್ಳುತ್ತೇವೆ.

ಸೀಸನ್ ಮುಗಿದ ಮೇಲೆ ನೈಫ್ ಬಾರ್‌ನಲ್ಲೇ ಬಿಡಬೇಡಿ. ಹೊರಗೆಳೆದು, ಒಣ ಬ್ರಷ್ಷಿನಲ್ಲಿ ಉಜ್ಜಿ, ಎಣ್ಣೆ ಸವರಿ, ಅಷ್ಟುದ್ದದ ಮರದ ಹಲಗೆಗೆ ಮೂರು ಕಡೆ ಕಟ್ಟಿ ಗೋಡೆಗೆ ತೂಗುಹಾಕಿ. ಎಣ್ಣೆ ಸವರಬೇಕಾದ ಕಾಲ ಇದು. ತೂಗುಹಾಕುವಾಗಲೇ ಯಾವ ಬ್ಲೇಡು ಹೋಗಿದೆಯೋ ಅದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡಿ. ಕಳೆದ ಮಾರ್ಚಿನಲ್ಲಿ ನಮ್ಮದರ ಮೇಲೆ ಏಳು ಗುರುತು ಬಿದ್ದವು, ಏಳೂ ಬಲಗಡೆಯ ಕೊನೆಯಲ್ಲಿ. ಟೇಪ್ ಹಿಡಿದು ನೋಡಿದರೆ ಆ ಬದಿಯ ಸ್ಕಿಡ್ ಮುಕ್ಕಾಲು ಅಂಗುಲ ಸವೆದಿತ್ತು.